ಪಿತ್ತಕೋಶ ತೆಗೆದ ಮೇಲೂ ನೋವು ಏಕೆ?



"ಸಿಸ್ಟರ್, ಕಲ್ಲಿನ ಚೀಲಾನೇ ತೆಗೆದುಹಾಕಿದ್ರು. ಆದ್ರೂ ನೋವು ಹೋಗ್ಲಿಲ್ಲ. ಕೆಲಸ ತಪ್ಪಿಸ್ಕೊಳ್ಳೋಕೆ ನಾಟಕ ಆಡ್ತಾಳೆ ಅಂತಾರೆ ನಮ್ಮತ್ತೆ." ಮನೆ ಭೇಟಿಗೆ ಹೋದಾಗ ನಮ್ಮ ಸಂಘದ ಸದಸ್ಯೆಯೊಬ್ಬರು ಹೀಗೆ ಹೇಳಿ ಅತ್ತುಬಿಟ್ಟರು. ಆಪರೇಷನ್ ಆಗಿ ಮೂರು ತಿಂಗಳಾಗಿತ್ತು. ಅದಕ್ಕೆಂದು ಸಂಘದಿಂದ ತೆಗೆದ ಸಾಲ ಇನ್ನೂ ತೀರಿರಲಿಲ್ಲ. ಅವರಿಗೆ ಇದ್ದದ್ದು ಒಂದಲ್ಲ, ಎರಡು ಕಾಯಿಲೆ. ಇದನ್ನು ಮನೆಯವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಹಾಗಾಗಿ ಈ ಸಲದ ಪಾಠಕ್ಕೆ ಇದೇ ವಿಷಯ.

ಪಿತ್ತಕೋಶ ಎಂದರೆ ಲಿವರ್‌ನ ಕೆಳಗೆ ಅಂಟಿಕೊಂಡಿರುವ ಸಣ್ಣ ಚೀಲ. ಲಿವರ್ ತಯಾರಿಸುವ ಪಿತ್ತರಸ ಅಲ್ಲಿ ಕೂಡಿರುತ್ತದೆ. ಮೇದೋಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್, ಜಠರದ ಹಿಂದೆ ಅಡ್ಡವಾಗಿ ಇದೆ. ಊಟ ಅರಗಿಸುವ ರಸವನ್ನೂ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ನನ್ನೂ ಮಾಡುವುದು ಇದೇ. ಎರಡು ಕಾಲುವೆ ಬಂದು ಒಂದೇ ತೂಬಿಗೆ ಸೇರುವ ಹಾಗೆ, ಈ ಎರಡರ ನಾಳಗಳೂ ಕರುಳಿಗೆ ಸೇರುವ ಜಾಗ ಹೆಚ್ಚುಕಡಿಮೆ ಒಂದೇ. ಪಿತ್ತಕೋಶದ ಕಲ್ಲು ಜಾರಿ ಅಲ್ಲಿ ಸಿಕ್ಕಿಕೊಂಡರೆ ಮೇದೋಜೀರಕ ಗ್ರಂಥಿ ದಿಢೀರನೆ ಊದಿಕೊಳ್ಳುತ್ತದೆ. ಜೀವಕ್ಕೇ ಅಪಾಯ ಆಗಬಹುದು. ಇಂಥ ದಾಳಿ ಮತ್ತೆ ಬಾರದಿರಲಿ ಎಂದೇ ಕಲ್ಲಿನ ಜೊತೆ ಪಿತ್ತಕೋಶವನ್ನೂ ತೆಗೆಯುತ್ತಾರೆ.

ಆದರೆ ಗ್ರಂಥಿಯೇ ವರ್ಷಗಟ್ಟಲೆ ಊದಿ ಊದಿ ಗಟ್ಟಿಯಾಗಿದ್ದರೆ, ಅದು ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್. ಪಿತ್ತಕೋಶ ತೆಗೆದರೆ ಅದು ವಾಸಿಯಾಗುವುದಿಲ್ಲ. ಆ ನೋವಿಗೆ ಬೇರೆಯೇ ಚಿಕಿತ್ಸೆ ಬೇಕು. ಮದ್ಯ, ಬೀಡಿ, ಸಿಗರೇಟು ಇದಕ್ಕೆ ದೊಡ್ಡ ಕಾರಣಗಳು ನಿಜ. ಆದರೆ ನಮ್ಮ ದಕ್ಷಿಣ ಭಾರತದಲ್ಲಿ ಒಂದು ತೊಟ್ಟೂ ಕುಡಿಯದ ಯುವಜನರಿಗೂ ಇದು ಬರುತ್ತದೆ. ಕೆಲವರಲ್ಲಿ ವಂಶದಿಂದ ಬಂದ ದೋಷವೂ ಇರುತ್ತದೆ. 'ಕುಡುಕರ ಕಾಯಿಲೆ' ಎಂದು ಹೆಸರಿಟ್ಟು ರೋಗಿಯನ್ನು ಹಂಗಿಸುವುದು ದೊಡ್ಡ ಅನ್ಯಾಯ. ನಮ್ಮ ಈ ಸದಸ್ಯೆ ಕಾಫಿ ಬಿಟ್ಟು ಬೇರೇನೂ ಕುಡಿದವರಲ್ಲ.

ಆಪರೇಷನ್ ಈಗ ಹೆಚ್ಚಾಗಿ ಲ್ಯಾಪ್ರೋಸ್ಕೋಪಿ ವಿಧಾನದಲ್ಲಿ, ಮೂರು ನಾಲ್ಕು ಸಣ್ಣ ತೂತುಗಳ ಮೂಲಕ ನಡೆಯುತ್ತದೆ. ತೊಂದರೆ ಇಲ್ಲದಿದ್ದರೆ ಒಂದೆರಡು ದಿನದಲ್ಲಿ ಮನೆಗೆ ಕಳಿಸುತ್ತಾರೆ. ಹೊಟ್ಟೆಗೆ ಗ್ಯಾಸ್ ತುಂಬಿಸುವುದರಿಂದ ಎರಡು ಮೂರು ದಿನ ಭುಜ ನೋಯಬಹುದು, ಹೆದರಬೇಡಿ. ಹಿಂದೆ ಊದಿಕೊಂಡು ಒಳಗೆ ಅಂಟಿಕೊಂಡಿದ್ದರೆ ಹೊಟ್ಟೆ ಕೊಯ್ದೇ ಮಾಡಬೇಕಾಗಬಹುದು. ಆಗ ಸುಧಾರಿಸಲು ಹೆಚ್ಚು ದಿನ ಬೇಕು. ಯಾವ ರೀತಿಯಲ್ಲಾದರೂ ನೀರಿನ ಕೊಡ, ಹುಲ್ಲಿನ ಹೊರೆ ಹೊರುವುದನ್ನು ಡಾಕ್ಟರು ಹೇಳುವ ತನಕ ಮುಟ್ಟಬೇಡಿ. ಹೇಳುವುದು ಸುಲಭ, ಹಳ್ಳಿಮನೆಯಲ್ಲಿ ಹೆಂಗಸು ನಡೆಸುವುದು ಕಷ್ಟ. ಗಂಡಸರು ಒಂದು ತಿಂಗಳು ಕೊಡ ಎತ್ತಿದರೆ ಏನೂ ಕಡಿಮೆ ಆಗದು.

ಇನ್ನು ಊಟದ ವಿಚಾರ. ಇಲ್ಲಿ ನಮ್ಮದೂ ತಪ್ಪಿದೆ. "ಎಣ್ಣೆ ಜಿಡ್ಡು ಮುಟ್ಟಬೇಡಮ್ಮಾ" ಎಂದು ನಾವೇ ಹೇಳಿ ಬಂದಿದ್ದೆವು. ಆಕೆ ಅದನ್ನು ಅಕ್ಷರಶಃ ಪಾಲಿಸಿ ಬರೀ ಗಂಜಿ, ಉಪ್ಪಿನಲ್ಲೇ ದಿನ ದೂಡಿದರು. ರವಿಕೆಗಳೆಲ್ಲ ಸಡಿಲವಾದವು. ಕರಿದದ್ದು, ಒಂದೇ ಸಲ ಹೊಟ್ಟೆ ಬಿರಿಯುವಷ್ಟು ಊಟ ಬೇಡ, ಸರಿ. ಆದರೆ ಈ ಕಾಯಿಲೆಯವರು ಮೊದಲೇ ಸೊರಗಿರುತ್ತಾರೆ. ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನಬೇಕು: ಮುದ್ದೆ, ಅನ್ನ, ಬೇಳೆ, ಮೊಟ್ಟೆ, ಮೀನು, ಮೊಸರು. ಎಷ್ಟು ಎಣ್ಣೆ ಹಾಕಬಹುದು ಎಂಬುದನ್ನು ಡಾಕ್ಟರನ್ನೇ ಕೇಳಿ, ನಮ್ಮಂಥವರನ್ನಲ್ಲ.

ಮಲ ಬೆಳ್ಳಗೆ, ಜಿಡ್ಡುಜಿಡ್ಡಾಗಿ, ನೀರು ಹಾಕಿದರೂ ಹೋಗದಂತೆ ಇದ್ದರೆ ಊಟ ಅರಗುತ್ತಿಲ್ಲ ಎಂದರ್ಥ. ನಾಚಿಕೆ ಬಿಟ್ಟು ಹೇಳಿ. ಅದಕ್ಕೆ ಕಿಣ್ವದ ಕ್ಯಾಪ್ಸೂಲ್ ಕೊಡುತ್ತಾರೆ. ಅದನ್ನು ಊಟದ ಜೊತೆಯಲ್ಲೇ, ಮೊದಲ ತುತ್ತಿನ ಹೊತ್ತಿಗೆ ನುಂಗಬೇಕು. ಈ ಸದಸ್ಯೆ ಮಲಗುವಾಗ ಖಾಲಿ ಹೊಟ್ಟೆಯಲ್ಲಿ ನುಂಗುತ್ತಿದ್ದರು, ದುಡ್ಡು ದಂಡ. ಈ ಔಷಧಿಯನ್ನು ಸಾಮಾನ್ಯವಾಗಿ ಹಂದಿಯ ಗ್ರಂಥಿಯಿಂದ ತೆಗೆಯುತ್ತಾರೆ. ಅದು ಒಗ್ಗದ ಮನೆಯವರು ಮಾತ್ರೆ ಬಿಸಾಡುವ ಮೊದಲು ಡಾಕ್ಟರ ಹತ್ತಿರ ಮಾತಾಡಲಿ. ವರ್ಷಕ್ಕೊಮ್ಮೆಯಾದರೂ ಸಕ್ಕರೆ ಪರೀಕ್ಷೆ ಬೇಕೇಬೇಕು. ಮದ್ಯ, ಬೀಡಿ, ಸಿಗರೇಟು ಪೂರ್ತಿ ನಿಲ್ಲಬೇಕು.

ಜ್ವರ, ನಿಲ್ಲದ ವಾಂತಿ, ಕಣ್ಣು ಹಳದಿಯಾಗುವುದು, ಮೂತ್ರ ಕಪ್ಪುಚಹಾದ ಬಣ್ಣಕ್ಕೆ ಬರುವುದು, ಗಾಯದಲ್ಲಿ ಕೀವು, ಹೊಟ್ಟೆನೋವು ದಿನದಿಂದ ದಿನಕ್ಕೆ ಏರುವುದು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ನಾಟಿ ಔಷಧಿ, ದೃಷ್ಟಿ ತೆಗೆಸುವುದು ಎಂದು ಕಾಯಬೇಡಿ.

ಖರ್ಚಿನ ಬಗ್ಗೆ ಒಂದು ಮಾತು. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆಯ ಸೌಲಭ್ಯ ಇದೆ. ಸಾಲಕ್ಕೆ ಕೈ ಹಾಕುವ ಮೊದಲು ರೇಷನ್ ಕಾರ್ಡು, ಆಧಾರ್ ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೋಗಿ ವಿಚಾರಿಸಿ.

ಕಳೆದ ಭೇಟಿಯಲ್ಲಿ ನಾವು ಅತ್ತೆಯನ್ನೂ ಕೂರಿಸಿಕೊಂಡು ಸ್ಕ್ಯಾನಿಂಗ್ ವರದಿಯನ್ನು ಸಾಲುಸಾಲಾಗಿ ಓದಿ ಹೇಳಿದೆವು. ಅವರು ಸುಮಾರು ಹೊತ್ತು ಸುಮ್ಮನಿದ್ದು, "ಎರಡು ಕಾಯಿಲೆ ಅಂತ ನಂಗ್ಯಾರ್ ಹೇಳಿದ್ರು ಸಿಸ್ಟರ್?" ಎಂದರು. ಆಮೇಲೆ ಎದ್ದು ಹೋಗಿ ಸೊಸೆಗೆ ಮೊಟ್ಟೆ ಬೇಯಿಸಲು ಇಟ್ಟರು.

ಸಭೆಯಲ್ಲಿ ಚರ್ಚಿಸಿ: ನಮ್ಮ ಸಂಘದಲ್ಲಿ ಆಪರೇಷನ್ ಆದವರ ಮನೆಗೆ ನೀರು ತರಲು ಸರದಿ ಹಾಕಬಹುದೇ? ಆಪರೇಷನ್‌ಗೆ ಮುಂಚೆ ಡಾಕ್ಟರ ಹತ್ತಿರ "ಇದರಿಂದ ಯಾವ ನೋವು ಹೋಗುತ್ತೆ, ಯಾವುದು ಉಳಿಯುತ್ತೆ?" ಎಂದು ಕೇಳಲು ರೋಗಿಯ ಜೊತೆ ಯಾರು ಹೋಗುತ್ತೀರಿ?