ಮಾಧ್ಯಮಿಕ ಶಾಲೆಯ ಅಂಕಗಳು: ಒಂದು ವಿವೇಚನೆ

‘ಪರೀಕ್ಷೆ’ ಎಂಬ ಪದವನ್ನು ಬಿಡಿಸಿದರೆ ‘ಪರಿ’ ಎಂಬ ಉಪಸರ್ಗವೂ ‘ಈಕ್ಷಾ’ ಎಂಬ ಶಬ್ದವೂ ದೊರೆಯುತ್ತವೆ, ಸವರ್ಣದೀರ್ಘ ಸಂಧಿ. ಸುತ್ತಲೂ ನೋಡುವುದು, ಎಲ್ಲ ಮಗ್ಗುಲುಗಳಿಂದಲೂ ನೋಡುವುದು ಎಂಬುದು ಅದರ ಅರ್ಥ. ಒಂದೇ ದಿನ, ಒಂದೇ ಪ್ರಶ್ನೆಪತ್ರಿಕೆ, ಇಡೀ ರಾಜ್ಯಕ್ಕೆ ಒಂದೇ ಉತ್ತರಸೂಚಿ ಎಂಬ ಏರ್ಪಾಟನ್ನೂ ನಾವು ಅದೇ ಹೆಸರಿನಿಂದ ಕರೆಯುತ್ತಿದ್ದೇವೆ. ಈ ಎರಡು ಅರ್ಥಗಳ ನಡುವಣ ಅಂತರವನ್ನು ಕುರಿತು ಅಧ್ಯಾಪಕ ಬಂಧುಗಳಲ್ಲಿಯೂ, ಶ್ರೀಮಠದ ಅಭಿಮಾನಿಗಳಾದ ದಾನಿಗಳಲ್ಲಿಯೂ ಕೆಲವು ಮಾತುಗಳನ್ನು ನಿವೇದಿಸಬೇಕೆಂದಿದ್ದೇನೆ.

ಹಳೆಯ ಮೈಸೂರು ಸೀಮೆಯಲ್ಲಿ ಮಿಡ್ಲ್ ಸ್ಕೂಲಿನ ಕೊನೆಗೆ ಲೋವರ್ ಸೆಕೆಂಡರಿ ಪರೀಕ್ಷೆಯಿದ್ದುದನ್ನು ಹಿರಿಯರು ಬಲ್ಲರು. ಬಳಿಕ ಏಳನೆಯ ತರಗತಿಯ ಸಾರ್ವಜನಿಕ ಪರೀಕ್ಷೆ ಬಂದಿತು, ಅದೂ ನಿಂತಿತು. ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವೂ ಮಂಡಳಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಲೇಬೇಕೆಂಬ ನಿರ್ಬಂಧ ಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ವಿಧಿಸಿತು. 2019ರ ತಿದ್ದುಪಡಿಯು ಐದು ಮತ್ತು ಎಂಟನೆಯ ತರಗತಿಗಳ ಕೊನೆಗೆ ಪರೀಕ್ಷೆ ನಡೆಸಲು ಎಡೆಮಾಡಿಕೊಟ್ಟಿತು. ಅದರಂತೆ 2023ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಈ ಎರಡು ತರಗತಿಗಳಿಗೆ ಮಂಡಳಿಯ ಮೌಲ್ಯಾಂಕನ ನಡೆಯಿತು. ಮರುವರ್ಷ ಒಂಬತ್ತನೆಯ ತರಗತಿಯೂ ಸೇರಿತು; ವ್ಯಾಜ್ಯ ಉಚ್ಚ ನ್ಯಾಯಾಲಯವನ್ನು ದಾಟಿ ಹೋಗಿ, 2024ರ ಏಪ್ರಿಲ್ 8ರಂದು ಸರ್ವೋಚ್ಚ ನ್ಯಾಯಾಲಯವು ಫಲಿತಾಂಶಕ್ಕೆ ತಡೆಯೊಡ್ಡಿತು. ಬರೆದ ಮಕ್ಕಳು ತಾವು ಏನು ಬರೆದೆವೆಂಬುದನ್ನು ಅಷ್ಟರಲ್ಲಿ ಮರೆತಿದ್ದರು.

ಈಗ ಪ್ರಕೃತಕ್ಕೆ ಬರೋಣ. ಸುತ್ತಲಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳ ಪೈಕಿ ಹೆಚ್ಚು ಶೇಕಡಾವಾರು ಫಲಿತಾಂಶ ತೋರಿಸಿದ ಶಾಲೆಗೆ ಪ್ರತಿವರ್ಷ ಬಹುಮಾನವೀಯಬೇಕು, ನಮ್ಮ ಪ್ರೌಢಶಾಲೆಯ ಎಂಟನೆಯ ತರಗತಿಗೆ ಅಂಕಗಳ ಮೇಲೆಯೇ ಪ್ರವೇಶ ಕೊಡಬೇಕು ಎಂಬ ಸಲಹೆ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಂದ ಬಂದಿದೆ. ಅವರ ಉದ್ದೇಶ ಶುದ್ಧವಾದುದೇ. ಆದರೂ ಈ ಸಲಹೆ ಒಪ್ಪತಕ್ಕುದಲ್ಲವೆಂದು ನನ್ನ ಅಭಿಪ್ರಾಯ.

ಮೊದಲನೆಯದಾಗಿ, ಮಲೆನಾಡಿನ ಶಾಲೆಗಳ ಗಾತ್ರವನ್ನು ನೆನೆಯಬೇಕು. ಏಳನೆಯ ತರಗತಿಯಲ್ಲಿ ಎಂಟು ಮಕ್ಕಳಿದ್ದರೆ, ಒಬ್ಬ ಹುಡುಗ ಜ್ವರದಿಂದ ಮಲಗಿದ ಮಾತ್ರಕ್ಕೆ ಶಾಲೆಯ ಫಲಿತಾಂಶ ಶೇಕಡಾ 12.5ರಷ್ಟು ಕುಸಿಯುತ್ತದೆ. ನೂರು ಮಕ್ಕಳ ಪಟ್ಟಣದ ಶಾಲೆಯಲ್ಲಿ ಅದೇ ಜ್ವರದ ಬೆಲೆ ಶೇಕಡಾ ಒಂದು. ಇಂಥ ಎರಡು ಶಾಲೆಗಳನ್ನು ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಬರೆಯುವುದು ಗಣಿತಕ್ಕೇ ಅಪಚಾರ.

ಕಾಲದ ವಿಷಯ ಇದಕ್ಕಿಂತ ಗಹನವಾದುದು. ರಾಷ್ಟ್ರೀಯ ಸಾಧನಾ ಸಮೀಕ್ಷೆ ನಡೆದದ್ದು 2017ರ ನವೆಂಬರ್ 13ರಂದು ಮತ್ತು 2021ರ ನವೆಂಬರ್ 12ರಂದು. ಅನಂತರದ ‘ಪರಖ್’ ಸಮೀಕ್ಷೆ 2024ರ ಡಿಸೆಂಬರ್ 4ರಂದು. ದೆಹಲಿಯಲ್ಲಿ ಕುಳಿತು ನೋಡುವವರಿಗೆ ಇವು ಪ್ರಶಸ್ತವಾದ ದಿನಗಳು. ಮೂಡಿಗೆರೆ, ಕಳಸಗಳ ತೋಟಗಳಲ್ಲಿ ಅರೇಬಿಕಾ ಕೊಯ್ಲು ತೊಡಗುವುದು ಆ ಹೊತ್ತಿಗೇ. ತಾಯಿತಂದೆಗಳು ನಸುಕಿನಲ್ಲಿ ತೋಟಕ್ಕೆ ಹೊರಟರೆ ಲೈನ್ ಮನೆಯಲ್ಲಿ ಕೂಸನ್ನು ನೋಡಿಕೊಳ್ಳಲು ಉಳಿಯುವವಳು ಆರನೆಯ ತರಗತಿಯ ಹುಡುಗಿ. ಅಂದು ಶಾಲೆಗೆ ಬಂದವರಷ್ಟೇ ಸಮೀಕ್ಷೆಯ ಲೆಕ್ಕಕ್ಕೆ ಸಿಕ್ಕುತ್ತಾರೆ; ಬಾರದವರ ಅಜ್ಞಾನವೂ ಜ್ಞಾನವೂ ಎರಡೂ ಅದರಿಂದ ಹೊರಗೆ. ಆದ್ದರಿಂದ ಫಲಿತಾಂಶ ಉತ್ತಮವಾಗಿ ಕಂಡ ವರ್ಷವೂ ನಾವು ಹಿಗ್ಗುವಂತಿಲ್ಲ. ಇನ್ನು ಮಾರ್ಚ್ ತಿಂಗಳೆಂದರೆ, ರೊಬಸ್ಟಾ ಕೊಯ್ಲೂ ಮುಗಿದು ಹೊರಗಿನಿಂದ ಬಂದ ಕುಟುಂಬಗಳು ಗಂಟುಮೂಟೆ ಕಟ್ಟುವ ಕಾಲ.

ಭಾಷೆಯ ಮಾತನ್ನು ಕನ್ನಡ ಪಂಡಿತನಾದವನು ಆಡದೆ ಬಿಡಲಾರ. ಇಲ್ಲಿ ಮನೆಯಲ್ಲಿ ತುಳು, ತಮಿಳು, ಕೊಂಕಣಿ, ಬ್ಯಾರಿ ಆಡಿ ಶಾಲೆಯಲ್ಲಿ ಕನ್ನಡ ಕಲಿಯುವ ಮಕ್ಕಳು ಬಹಳ. ಅದಿರಲಿ, ಕನ್ನಡದ ಮನೆಯ ಮಗುವನ್ನೇ ತೆಗೆದುಕೊಳ್ಳಿ. ‘ಹೂಮಳೆ’ ಎಂದರೇನು ಎಂದು ಪ್ರಶ್ನೆ ಕೊಟ್ಟು, ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಲು ಹೇಳಿದರೆ, ಬಯಲುಸೀಮೆಯ ಮಗು ‘ಹೂವುಗಳ ಸುರಿಮಳೆ’ ಎಂಬುದಕ್ಕೆ ಗುರುತು ಹಾಕೀತು. ನಮ್ಮ ಮಗುವಿಗೆ ಹೂಮಳೆಯೆಂದರೆ ಮಾರ್ಚ್, ಏಪ್ರಿಲ್‌ನಲ್ಲಿ ಬಿದ್ದು, ಎಂಟು ಹತ್ತು ದಿನಗಳಲ್ಲಿ ಕಾಫಿಗಿಡವನ್ನು ಬಿಳಿಯಾಗಿಸುವ ಮಳೆ. ಆ ಮಳೆ ತಪ್ಪಿದರೆ ಮನೆಯಲ್ಲಿ ಏನಾಗುತ್ತದೆಂಬುದೂ ಅದಕ್ಕೆ ಗೊತ್ತು. ಒಂದು ಷಷ್ಠೀ ತತ್ಪುರುಷ, ಇನ್ನೊಂದು ‘ಹೂವಿಗಾಗಿ ಮಳೆ’ ಎಂಬ ಚತುರ್ಥೀ ತತ್ಪುರುಷ. ವ್ಯಾಕರಣದ ದೃಷ್ಟಿಯಿಂದ ಎರಡೂ ಸಾಧು. ಉತ್ತರಸೂಚಿಗೆ ಮಾತ್ರ ಒಂದೇ ಸಾಧು. ‘ಕಣ’ ಎಂಬ ಪದವೂ ಹಾಗೆಯೇ: ಅಲ್ಲಿ ರಾಗಿ ಒಕ್ಕುವ ಕಣ, ಇಲ್ಲಿ ಕಾಫಿ ಒಣಗಿಸುವ ಕಣ.

ಶೂನ್ಯಸಂಪಾದನೆಯನ್ನು ಓದಿದವರಿಗೆ ಅಲ್ಲಮಪ್ರಭುವಿನ ಪರೀಕ್ಷಾಕ್ರಮ ನೆನಪಿಗೆ ಬಂದೀತು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನಿಗೆ ಹಾಕಿದ ಪ್ರಶ್ನೆಯನ್ನೇ ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಗೆ ಆತ ಹಾಕಲಿಲ್ಲ. ಪ್ರಶ್ನೆ ಕಠೋರವಾಗಿದ್ದಿತು, ಆದರೆ ಎದುರಿಗಿದ್ದವರನ್ನು ಕಂಡು ಹುಟ್ಟಿದ್ದಾಗಿತ್ತು. ಲಕ್ಷಾಂತರ ಮಕ್ಕಳಿಗೆ ಈ ಕ್ರಮ ಅಸಾಧ್ಯವೆಂಬುದನ್ನು ಒಪ್ಪುತ್ತೇನೆ.

ಹಾಗೆಂದು ಸಮಾನ ಪರೀಕ್ಷೆಯೇ ಬೇಡವೆನ್ನುವವರ ಪಕ್ಷವೂ ನನ್ನದಲ್ಲ. ಎಲ್ಲರನ್ನೂ ಮುಂದಕ್ಕೆ ತಳ್ಳುತ್ತ ಹೋದರೆ, ಮೂರನೆಯ ತರಗತಿಯ ಪಾಠವನ್ನು ಓದಲಾರದ ಮಗು ಪ್ರೌಢಶಾಲೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಅದರ ನಾಚಿಕೆಯನ್ನು ಅದೊಂದೇ ಅನುಭವಿಸುತ್ತದೆ. ಗುಡ್ಡದ ಮೇಲಿನ ಏಕೋಪಾಧ್ಯಾಯ ಶಾಲೆಯ ಕೊರತೆ ಸರ್ಕಾರದ ಕಣ್ಣಿಗೆ ಬೀಳಬೇಕಾದರೆ ಒಂದು ಅಳತೆಗೋಲು ಬೇಕೇ ಬೇಕು. ಆದರೆ ಅಳತೆಗೋಲನ್ನೇ ಕೋಲಾಗಿ ಬಳಸಬಾರದು. ನಮ್ಮ ರಾಜ್ಯದ ಬಹುತೇಕ ಕಡೆ ಎಂಟನೆಯ ತರಗತಿ ಪ್ರೌಢಶಾಲೆಯಲ್ಲಿರುವುದರಿಂದ, ಆ ಕೊನೆಗೆ ಬಂದ ಅಂಕದಲ್ಲಿ ಏಳು ವರ್ಷಗಳ ಫಲ ಬೇರೆ ಶಾಲೆಯದು. ಹೊಗಳಿಕೆಯಾಗಲಿ ತೆಗಳಿಕೆಯಾಗಲಿ ಯಾರ ಪಾಲಿಗೆ ಎಂದು ಹೇಳುವುದು ಕಷ್ಟ.

ಬಹುಮಾನಕ್ಕೆಂದು ಎತ್ತಿಡುವ ಹಣವನ್ನು ಪ್ರಸಾದನಿಲಯಕ್ಕೆ ವಿನಿಯೋಗಿಸಬಹುದೆಂದು ದಾನಿಗಳಲ್ಲಿ ನನ್ನ ವಿಜ್ಞಾಪನೆ. ನವೆಂಬರ್‌ನಿಂದ ಫೆಬ್ರವರಿಯವರೆಗೆ, ಕೊಯ್ಲಿನ ನಾಲ್ಕು ತಿಂಗಳು, ಆರು ಏಳನೆಯ ತರಗತಿಗಳ ತೋಟದ ಮಕ್ಕಳು ಅಲ್ಲಿ ಉಂಡು, ಮಲಗಿ, ತಮ್ಮ ಸರ್ಕಾರಿ ಶಾಲೆಗೇ ಹೋಗಿಬರಲಿ; ಕೂಸುಗಳಿಗೆ ತೋಟದ ಮಾಲೀಕರು ಶಿಶುವಿಹಾರದ ಏರ್ಪಾಟು ಮಾಡಲಿ. ಎಂಟನೆಯ ತರಗತಿಯ ಪ್ರವೇಶಕ್ಕೆ ಅಂಕಪಟ್ಟಿ ಬೇಡ. ಪ್ರವೇಶವಾದ ಮೇಲೆ ಜೂನ್ ಮೊದಲ ವಾರದಲ್ಲಿ ಒಂದು ಪುಟದ ಓದು, ಒಂದು ಪುಟದ ಬರಹ ಇಟ್ಟು, ಮಕ್ಕಳು ತಪ್ಪಿದ ಉತ್ತರಗಳನ್ನು ಕನ್ನಡದ ಅಧ್ಯಾಪಕರು ಒಂದು ಪುಸ್ತಕದಲ್ಲಿ ಬರೆದಿಡಲಿ. ಯಾವುದು ಅಜ್ಞಾನದಿಂದ ಬಂದ ತಪ್ಪು, ಯಾವುದು ಹೂಮಳೆಯಂಥ ತಪ್ಪು ಎಂದು ಬೇರೆ ಬೇರೆ ಅಂಕಣಗಳಲ್ಲಿ.