ಗಾಳಿಗೂ ಒಂದು ಲೆಕ್ಕ

ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಬೇಕಾದರೆ ಎಂಜಿನ್ನಿಗೆ ಸುಮಾರು ಒಂಬತ್ತು ಸಾವಿರ ಲೀಟರ್ ಗಾಳಿ ಬೇಕು. ತೂಕದಲ್ಲಿ ಹೇಳುವುದಾದರೆ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ. ಬಂಕಿನಲ್ಲಿ ಮೀಟರ್ ಸೊನ್ನೆಯಿಂದಲೇ ಶುರುವಾಯಿತೇ ಎಂದು ಬಗ್ಗಿ ನೋಡುವ ಸವಾರ, ಬಿಟ್ಟಿ ಸಿಗುವ ಗಾಳಿಯ ಗೋಜಿಗೆ ಹೋಗುವುದಿಲ್ಲ. ಅದನ್ನು ಸೋಸಿ ಕೊಡುವ ಏರ್ ಫಿಲ್ಟರ್ ನೆನಪಾಗುವುದು ಸರ್ವಿಸ್ ಬಿಲ್ ಕೈಗೆ ಬಂದಾಗಲೇ.

ಈ ಅಂಕಣಕಾರ ಓಡಿಸುವುದು ಕಾರ್ಬೋರೇಟರ್ ಕಾಲದ ಥಂಡರ್‌ಬರ್ಡ್ 350 ಕ್ರೂಸರ್. ಹಿಂದಿನ ಸರ್ವಿಸಿನಲ್ಲಿ ಫಿಲ್ಟರಿನ ಬೆಲೆಗಿಂತ ಅದನ್ನು ಹಾಕಿದ ಕೂಲಿಯೇ ಹೆಚ್ಚಿತ್ತು. ಜೊತೆಗೆ, ‘ಮೈಲೇಜ್ ಜಾಸ್ತಿ ಬರುತ್ತೆ ಸರ್’ ಎಂಬ ಭರವಸೆ ಬೇರೆ. ಕೂಲಿ, ಭರವಸೆ ಎರಡನ್ನೂ ಲೆಕ್ಕಕ್ಕೆ ಹಚ್ಚಿ ನೋಡೋಣವೆಂದು ಅಂಕಣಕಾರ ಮುಂದಿನ ಫಿಲ್ಟರನ್ನು ತಾನೇ ಕೊಂಡು ತಾನೇ ಹಾಕಿದ.

ಮೊದಲು ಮೈಲೇಜ್. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇದನ್ನು ಕಾರುಗಳ ಮೇಲೆ ಪರೀಕ್ಷಿಸಿತು. ಫ್ಯುಯೆಲ್ ಇಂಜೆಕ್ಷನ್ ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡರೂ ಇಂಧನದ ಖರ್ಚು ಹೆಚ್ಚಲಿಲ್ಲ. ಗಾಳಿ ಕಡಿಮೆಯಾದಷ್ಟೂ ಕಂಪ್ಯೂಟರ್ ಪೆಟ್ರೋಲನ್ನೂ ತಗ್ಗಿಸುವುದರಿಂದ ಪಿಕಪ್ ಮಾತ್ರ ಕುಗ್ಗಿತು. ಹಳೆಯ ಕಾರ್ಬೋರೇಟರ್ ಕಾರುಗಳ ಮಾತು ಬೇರೆ. ಅವುಗಳಲ್ಲಿ ಕಟ್ಟಿದ ಫಿಲ್ಟರ್ ಬದಲಿಸಿದರೆ ಶೇ 2ರಿಂದ 6ರಷ್ಟು ಇಂಧನ ಉಳಿಯುತ್ತದೆ ಎಂಬುದು ಅಲ್ಲಿನ ಇಂಧನ ಇಲಾಖೆಯ ಅಂದಾಜು.

ಇದನ್ನೇ ಬೈಕಿಗೆ ಅನ್ವಯಿಸಿ ನೋಡಿ. ಲೀಟರಿಗೆ 35 ಕಿ.ಮೀ.ನಂತೆ ವರ್ಷಕ್ಕೆ 7,000 ಕಿ.ಮೀ. ಓಡಿದರೆ 200 ಲೀಟರ್. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೆ 20,000 ರೂಪಾಯಿ. ಶೇ 2 ಎಂದರೆ 400, ಶೇ 6 ಎಂದರೆ 1,200. ಹಳೆಯ ಗಾಡಿಗೆ ಫಿಲ್ಟರಿನ ಕಾಸು ಹುಟ್ಟುತ್ತದೆ. ಆದರೆ 2020ರ ಏಪ್ರಿಲ್ 1ರಂದು ಬಿಎಸ್-6 ಮಾಲಿನ್ಯ ನಿಯಮ ಜಾರಿಯಾದ ಮೇಲೆ ಹೊಸ ಕ್ರೂಸರುಗಳೆಲ್ಲ ಇಂಜೆಕ್ಷನ್ನಿಗೆ ಹೊರಳಿವೆ. ಅವುಗಳ ಮಾಲೀಕರಿಗೆ ಮೈಲೇಜಿನ ಆಸೆ ತೋರಿಸಿ ಫಿಲ್ಟರ್ ಮಾರುವುದರಲ್ಲಿ ಹುರುಳಿಲ್ಲ.

ಹಾಗೆಂದು ಅವರೂ ಅಸಡ್ಡೆ ಮಾಡುವಂತಿಲ್ಲ. ದೂಳಿನಲ್ಲಿರುವ ಮರಳಿನ ಕಣ ಒಳಹೊಕ್ಕರೆ ಪಿಸ್ಟನ್ ರಿಂಗನ್ನೂ ಸಿಲಿಂಡರಿನ ಗೋಡೆಯನ್ನೂ ಸವೆಸುತ್ತದೆ. ಎಂಜಿನ್ ಆಯಿಲ್ ಕುಡಿದು ಹೊಗೆ ಉಗುಳತೊಡಗಿದರೆ ಬೋರ್ ಮಾಡಿಸಬೇಕು. ಆ ಬಿಲ್ಲು ಸಾವಿರಗಳ ಲೆಕ್ಕದ್ದು. ಕಟ್ಟಿದ ಫಿಲ್ಟರಿಗಿಂತ ಹರಿದ ಫಿಲ್ಟರ್ ದುಬಾರಿಯಾಗುವುದು ಹೀಗೆ.

ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ಸ್ ಅಂಗಡಿಯಲ್ಲಿ ಮೊದಲು ಎದುರಾಗುವುದು ಪ್ರಶ್ನೆಗಳೇ: ‘ಯಾವ ಇಯರ್ ಗಾಡಿ ಸರ್? ಒರಿಜಿನಲ್ ಕೊಡ್ಲಾ, ಲೋಕಲ್ ಸಾಕಾ?’ ಒಂದೇ ಹೆಸರಿನ ಬೈಕಿಗೂ ವರ್ಷ ಬದಲಾದಂತೆ ಫಿಲ್ಟರ್ ಬದಲಾಗುವುದುಂಟು. ಪಾರ್ಟ್ ನಂಬರ್ ಬರೆದುಕೊಂಡು ಹೋದರೆ ಎರಡನೆಯ ಓಡಾಟ ತಪ್ಪುತ್ತದೆ. ಲೋಕಲ್ ಮಾಲಿನಲ್ಲಿ ಮೊದಲು ನೋಡಬೇಕಾದ್ದು ಅಂಚಿನ ಸೀಲ್. ಅದು ಡಬ್ಬಿಗೆ ಒತ್ತಿ ಕೂರದಿದ್ದರೆ ಗಾಳಿ ಕಾಗದವನ್ನು ಬಿಟ್ಟು ಸಂದಿಯಿಂದಲೇ ನುಗ್ಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ವಾಹನಗಳ ಹೆಚ್ಚಿನ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಪೊಟ್ಟಣದ ಮೇಲೆ ಹಳೆಯ ಎಂಆರ್‌ಪಿ ಇದ್ದರೆ ಫಿಲ್ಟರಿನ ಬೆಲೆಯೂ ಇಳಿದಿದೆಯೇ ಎಂದು ಕೇಳಬೇಕು.

ಹಾರ್ಲೆ-ಡೇವಿಡ್ಸನ್ನಿನ ದೊಡ್ಡ ವಿ-ಟ್ವಿನ್ ಬೈಕುಗಳಲ್ಲಿ ಫಿಲ್ಟರನ್ನು ಹುಡುಕುವ ಕೆಲಸವೇ ಇಲ್ಲ. ಎಂಜಿನ್ನಿನ ಬಲಮಗ್ಗುಲಲ್ಲಿ ಕ್ರೋಮ್ ಮುಚ್ಚಳ ಹೊತ್ತು ಎದ್ದು ಕಾಣುತ್ತದೆ. ನಮ್ಮ ಸಿಂಗಲ್ ಸಿಲಿಂಡರ್ ಗಾಡಿಗಳಲ್ಲಿ ಸಾಮಾನ್ಯವಾಗಿ ಸೈಡ್ ಕವರಿನ ಹಿಂದಿನ ಪ್ಲಾಸ್ಟಿಕ್ ಡಬ್ಬಿಯೊಳಗೆ ಇರುತ್ತದೆ. ಸ್ಕ್ರೂಡ್ರೈವರ್ ಇದ್ದರೆ ಸಾಕು, ಕಾಫಿ ಆರುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಅಂಕಣಕಾರನ ಬೈಕಿನ ಫಿಲ್ಟರನ್ನು ಪತ್ರಿಕೆಯ ಮೇಲೆ ಮೆಲ್ಲಗೆ ಕುಟ್ಟಿದಾಗ ಇಟ್ಟಿಗೆ ಬಣ್ಣದ ದೂಳು, ಒಂದು ಪತಂಗದ ರೆಕ್ಕೆ ಉದುರಿದವು. ನೆರಿಗೆಗಳ ಹೊರಮೈ ಕಂದಾಗಿತ್ತು, ಎಂಜಿನ್ ಕಡೆಯ ಮೈ ಬೆಳ್ಳಗೇ ಇತ್ತು. ಆ ಬಿಳುಪೇ ಫಿಲ್ಟರ್ ಕೆಲಸ ಮಾಡಿದ್ದಕ್ಕೆ ಗುರುತು. ಹೊಸದನ್ನು ಕೂರಿಸುವ ಮುನ್ನ ಡಬ್ಬಿಯ ಒಳಗನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಸ್ಕ್ರೂ ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ಕಿನ ಥ್ರೆಡ್ ಹೋಗುತ್ತದೆ.

ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಿ ಮತ್ತೆ ಹಾಕುವ ಉಳಿತಾಯ ಎಲ್ಲ ಫಿಲ್ಟರಿಗೂ ಸಲ್ಲದು. ಎಣ್ಣೆ ಸವರಿದ ಕಾಗದದವನ್ನು ಊದಲೂಬಾರದು, ತೊಳೆಯಲೂಬಾರದು. ಅವಧಿ ಮುಗಿದರೆ ಎಸೆಯುವುದೇ. ಕೆ ಆ್ಯಂಡ್ ಎನ್ ಮಾದರಿಯ ಹತ್ತಿಯ ಫಿಲ್ಟರನ್ನು ತೊಳೆದು, ಎಣ್ಣೆ ಹಚ್ಚಿ ವರ್ಷಗಟ್ಟಲೆ ಬಳಸಬಹುದು. ಆದರೆ ಅದರ ಬೆಲೆಗೆ ಕಾಗದದವು ಎಷ್ಟು ಬರುತ್ತವೆ, ಕ್ಲೀನರ್ ಮತ್ತು ಎಣ್ಣೆಯ ಕಿಟ್ಟಿಗೆಷ್ಟು, ಬೈಕ್ ಇನ್ನೆಷ್ಟು ವರ್ಷ ಕೈಯಲ್ಲಿರುತ್ತದೆ ಎಂದು ಕೂಡಿಸಿ ನೋಡಿದ ಅಂಕಣಕಾರ ಕಾಗದಕ್ಕೇ ಅಂಟಿಕೊಂಡ.

ಈಗ ಡಬ್ಬಿಯ ಮುಚ್ಚಳದ ಒಳಬದಿಯಲ್ಲಿ ಬದಲಿಸಿದ ತಾರೀಖನ್ನೂ ಓಡೋಮೀಟರಿನ ಅಂಕಿಯನ್ನೂ ಮಾರ್ಕರಿನಲ್ಲಿ ಬರೆದಿದ್ದಾನೆ. ಸರ್ವಿಸಿಗೆ ಬಿಟ್ಟಾಗ ‘ಏರ್ ಫಿಲ್ಟರ್ ಬೇಡ’ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿಯೇ ಸಹಿ ಹಾಕುತ್ತಾನೆ.