ಹೊರಡುವ ಮುನ್ನ ಕಾಯುವ ಕಾಲ



ನಿಮ್ಮ ಮಗಳು ಧರ್ಮಭಗಿನಿಯಾಗಿ ವ್ರತ ಸ್ವೀಕರಿಸಿ, ಆಫ್ರಿಕಾದ ಒಂದು ದೇಶಕ್ಕೆ ಪ್ರೇಷಿತಕಾರ್ಯಕ್ಕಾಗಿ ಹೊರಡಲು ಸಿದ್ಧಳಾಗಿದ್ದಾಳೆ ಎನ್ನಿ. ಪಾಸ್‌ಪೋರ್ಟ್ ಬಂದಿದೆ, ವೀಸಾ ಬಂದಿಲ್ಲ. ಒಂದು ತಿಂಗಳು ಹೋಗಿ ಮೂರಾಯಿತು. ಆಗ ಮನೆಯಲ್ಲಿ ಎರಡು ಮಾತು ಹುಟ್ಟುತ್ತವೆ. ‘ದೇವರೇ ಕರೆದಿದ್ದರೆ ಇಷ್ಟೊಂದು ಅಡ್ಡಿ ಏಕೆ?’ ಎಂದು ಅಪ್ಪ ಕೇಳುತ್ತಾರೆ. ಭಕ್ತಿ ಹೆಚ್ಚಿದ ಚಿಕ್ಕಮ್ಮ, ‘ದೇವರಿದ್ದಾರೆ, ಚುಚ್ಚುಮದ್ದು ಗಿಚ್ಚುಮದ್ದು ಏಕೆ ಬೇಕು?’ ಎನ್ನುತ್ತಾರೆ.

ಚಿಕ್ಕಮ್ಮನ ಮಾತನ್ನು ಮೊದಲು ನೋಡೋಣ. ಸಂತ ಲೂಕನ ಶುಭಸಂದೇಶದ 10ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಶಿಷ್ಯರನ್ನು ಹಣದ ಚೀಲವಿಲ್ಲದೆ, ಜೋಳಿಗೆಯಿಲ್ಲದೆ ಕಳುಹಿಸುತ್ತಾರೆ. 22ನೆಯ ಅಧ್ಯಾಯದಲ್ಲಿ, ತಾವು ಸೆರೆಯಾಗುವ ರಾತ್ರಿ, ಅಂದು ನಿಮಗೇನಾದರೂ ಕೊರತೆಯಾಯಿತೇ ಎಂದು ಕೇಳಿ, ಈಗ ಚೀಲವಿದ್ದವನು ತೆಗೆದುಕೊಳ್ಳಲಿ ಎನ್ನುತ್ತಾರೆ. ಕಳುಹಿಸಿದವರು ಒಬ್ಬರೇ. ಚೀಲ ಹೊರುವುದು ಬೇರೆ, ಚೀಲವನ್ನೇ ನಂಬುವುದು ಬೇರೆ. ಹಳದಿ ಜ್ವರವಿರುವ ದೇಶಕ್ಕೆ ಹೋಗುವವರು ಕನಿಷ್ಠ 10 ದಿನ ಮೊದಲೇ ಲಸಿಕೆ ಹಾಕಿಸಿಕೊಳ್ಳಬೇಕು. ಪ್ರಾರ್ಥನೆಯಿಂದ ಹತ್ತನ್ನು ಒಂಬತ್ತು ಮಾಡಲಾಗದು.

ಅಪ್ಪನ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಅದಕ್ಕೆ ಸಂತ ಜೋಸೆಫ್ ವಾಜ್ ಅವರನ್ನು ನೆನೆಯಬೇಕು. 1651ರಲ್ಲಿ ಗೋವೆಯಲ್ಲಿ ಹುಟ್ಟಿದ ಈ ಗುರುಗಳು ಹೋಗಬಯಸಿದ್ದು ಸಿಂಹಳಕ್ಕೆ. ಡಚ್ಚರು ಅಲ್ಲಿ ಕಥೋಲಿಕ ಗುರುಗಳಿಗೆ ನಿಷೇಧ ಹೇರಿದ್ದರು. ಜನರಿಗೆ ಬಲಿಪೂಜೆ ಅರ್ಪಿಸುವವರಿರಲಿಲ್ಲ. ಆದರೆ ಮೇಲಿನವರು 1681ರಲ್ಲಿ ಅವರನ್ನು ಕಳುಹಿಸಿದ್ದು ನಮ್ಮ ಕರಾವಳಿಗೆ. ಮಂಗಳೂರು, ಬಸರೂರು, ಗಂಗೊಳ್ಳಿ ಎಂದು ಸುತ್ತಿ ಮೂರು ವರ್ಷ ದುಡಿದರು. ಬೇಡದ ಊರೆಂದು ಅರೆಮನಸ್ಸಿನಿಂದ ದುಡಿದಿದ್ದರೆ ಮುಡಿಪುವಿನಲ್ಲಿ ಇಂದಿಗೂ ಅವರ ಹೆಸರಿನ ಪುಣ್ಯಕ್ಷೇತ್ರ ಇರುತ್ತಿತ್ತೇ? ಕೊನೆಗೆ 1687ರಲ್ಲಿ ಕೂಲಿಯವನ ವೇಷದಲ್ಲಿ ಜಾಫ್ನಾ ತಲುಪಿದರು. ತಲುಪುತ್ತಲೇ ಭೇದಿಯಿಂದ ಹಾಸಿಗೆ ಹಿಡಿದರು. ತಮಿಳು ಕಲಿತರು, ಸಿಂಹಳ ಭಾಷೆ ಕಲಿತರು. 1692ರಲ್ಲಿ ಕ್ಯಾಂಡಿಯಲ್ಲಿ, ಪೋರ್ಚುಗೀಸರ ಗೂಢಚಾರನೆಂಬ ಗುಮಾನಿಯ ಮೇಲೆ ಸೆರೆಮನೆ. 1711ರಲ್ಲಿ ಅಲ್ಲಿಯೇ ತೀರಿಕೊಂಡರು. ಗೋವೆಗೆ ಮರಳಲೇ ಇಲ್ಲ. ಪೋಪ್ ಫ್ರಾನ್ಸಿಸ್ ಅವರು 2015ರ ಜನವರಿ 14ರಂದು ಕೊಲಂಬೋದಲ್ಲಿ ಅವರನ್ನು ಸಂತರೆಂದು ಸಾರಿದರು.

‘ಮರಳಲೇ ಇಲ್ಲ’ ಎಂಬ ಮಾತನ್ನು ತಾಯಂದಿರು ಬೇಗ ದಾಟಲಾರರು, ನಾನೂ ದಾಟಿಸಲಾರೆ. ದೇವರಲ್ಲಿ ಭರವಸೆ ಎಂದರೆ ಮಗಳಿಗೆ ಏನೂ ಆಗುವುದಿಲ್ಲವೆಂಬ ಖಾತ್ರಿ ಚೀಟಿಯಲ್ಲ. ಏನೇ ಆದರೂ ಆಕೆ ದೇವಪಿತನ ಕೈಯಿಂದ ಆಚೆ ಬೀಳಳು ಎಂಬುದಷ್ಟೇ ನಮಗಿರುವ ಮಾತು. ಇದು ಕಡಿಮೆಯೆಂದು ಅನ್ನಿಸಿದರೆ, ಹಾಗೆಯೇ ದೇವರಿಗೆ ಹೇಳಿ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ನಮಗೆ ಕಾಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದಾಗ ಸದ್ದಾಗಬೇಕು. ಅವಸರಪಟ್ಟು ಒಡೆದರೆ ಉಂಡೆ ಕೊಬ್ಬರಿ ಸಿಗದು. ವೀಸಾ ಬಾರದ ತಿಂಗಳುಗಳಲ್ಲಿ ಮಗಳೂ ಹೀಗೆಯೇ ತವರಿನಿಂದ ಸ್ವಲ್ಪಸ್ವಲ್ಪವಾಗಿ ಬಿಡಿಸಿಕೊಳ್ಳುತ್ತಿರಬಹುದು. ನೀವೂ.

ಅಷ್ಟರಲ್ಲಿ ಆಕೆ ಅಲ್ಲಿಯ ಭಾಷೆ ಕಲಿಯಲಿ. ಸಂಜೆಯ ಜಪಸರದಲ್ಲಿ ಒಂದು ರಹಸ್ಯವನ್ನು ಆ ದೇಶದ ಹೆಸರು ಹೇಳಿ ಒಪ್ಪಿಸಿ. ವೀಸಾ ಬೇಗ ಬರಲೆಂದು ಬೇಡಲು ಸಂಕೋಚ ಬೇಡ. ಆದರೆ ಫೋನ್ ಮಾಡಿದಾಗ, ಈಗಿರುವ ಕಾನ್ವೆಂಟಿನ ನೆರೆಯ ರೋಗಿಗಳನ್ನು ನೋಡಿಬಂದೆಯಾ ಎಂದೂ ಕೇಳಿ. ಇನ್ನು ಪೆಟ್ಟಿಗೆಗೆ ಕೊಬ್ಬರಿ ತುಂಬುವ ಮುನ್ನ, ಆ ದೇಶದವರು ಅದನ್ನು ಒಳಗೆ ಬಿಡುತ್ತಾರೋ ಇಲ್ಲವೋ ಒಮ್ಮೆ ವಿಚಾರಿಸಿಕೊಳ್ಳಿ.